ಕಡಿದಾದ ಏಣಿನ ಮೇಲೆ ಜಾಡು ಮತ್ತು ಹಿಮ: ಇಳಿಯುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕುವ ಕ್ರಮ

ಹಿಮ ಹೊದ್ದ ಪರ್ವತದ ಏಣನ್ನು, ಅಂದರೆ ಚಾರಣಿಗರು ರಿಡ್ಜ್ ಎಂದು ಕರೆಯುವ ಕಿರಿದಾದ ಬೆನ್ನನ್ನು, ಹತ್ತಲು ಹೊರಟವರು ಅಲ್ಲಿಂದ ಮರಳಿದವರನ್ನು ಮೊದಲು ಕೇಳುವುದು "ಮೇಲೆ ಹಿಮ ಹೇಗಿದೆ?" ಎಂದು. ಈ ಪ್ರಶ್ನೆಗೆ ಒಂದೇ ಉತ್ತರ ಯಾರ ಬಳಿಯೂ ಇರುವುದಿಲ್ಲ. ಒಂದೇ ಏಣಿನ ಮೇಲೆ, ಒಂದೇ ಮುಂಜಾನೆ, ಗಾಳಿಗೆ ಎದುರಾದ ಮಗ್ಗುಲಲ್ಲಿ ಬೂಟಿನ ತುದಿಯೂ ನಾಟದಷ್ಟು ಗಟ್ಟಿ ಹಿಮವಿರುತ್ತದೆ. ನಾಲ್ಕು ಮಾರು ಆಚೆ, ಗಾಳಿಮರೆಯ ಮಗ್ಗುಲಲ್ಲಿ, ತೊಡೆಯವರೆಗೆ ಹೂತುಹೋಗುವ ಸಡಿಲ ಹಿಮವಿರುತ್ತದೆ. ಬೆಳಗಿನ ಐದು ಗಂಟೆಗೆ ಕ್ರ್ಯಾಂಪಾನಿನ, ಅಂದರೆ ಬೂಟಿನಡಿಗೆ ಕಟ್ಟುವ ಲೋಹದ ಮುಳ್ಳುಚೌಕಟ್ಟಿನ, ಹಲ್ಲುಗಳ ಕೆಳಗೆ ಕರಕರ ಎನ್ನುತ್ತಿದ್ದ ಇಳಿಜಾರು ಹನ್ನೊಂದಕ್ಕೆ ಒದ್ದೆ ಮರಳಿನಂತೆ ಕಾಲಡಿಯಿಂದ ಜರಿಯತೊಡಗುತ್ತದೆ. ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ನಾನು ಇಳಿದು ಬರುವ ಹೊತ್ತಿಗೆ ಈ ಹಿಮ ಹೇಗಿರುತ್ತದೆ? ಇಲ್ಲಿ ಹೇಳಿರುವ ಹಂತಗಳೆಲ್ಲ ಆ ಪ್ರಶ್ನೆಯ ಸುತ್ತಲೇ ಇವೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಐಸ್ ಆಕ್ಸ್ (ಹಿಮಗೊಡಲಿ) ಹಿಡಿದು ಜಾರುವುದನ್ನು ತಡೆಯುವ ಅಭ್ಯಾಸ, ಕ್ರ್ಯಾಂಪಾನ್ ಹಾಕಿ ನಡೆಯುವ ರೂಢಿ, ಹಿಮಕುಸಿತದಲ್ಲಿ ಹೂತವರನ್ನು ಹುಡುಕುವ ತರಬೇತಿ, ಈ ಮೂರನ್ನೂ ಅನುಭವಿ ಶಿಕ್ಷಕರ ಕೈಕೆಳಗೆ ಕಲಿಯದವರು ದೂರದ, ಕಡಿದಾದ ಏಣಿನ ಮೇಲೆ ಹಿಮವಿರುವ ಕಾಲದಲ್ಲಿ ಕಾಲಿಡಬಾರದು. ಇದನ್ನು ಓದಿದ ಮಾತ್ರಕ್ಕೆ ಆ ಅಭ್ಯಾಸ ಕೈಗೆ ಬರುವುದಿಲ್ಲ.

ಹಂತ 1: ಹೊರಡುವ ಮುನ್ನ ಇಳಿಜಾರನ್ನು ಅಳೆಯಿರಿ

ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು, ಹಿಡಿಯಬೇಕಾದ ದಾರಿಯುದ್ದಕ್ಕೂ ಸಮೋನ್ನತ ರೇಖೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ, ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆಯಿರಿ. 1:25,000 ಅಳತೆಯ, 20 ಮೀಟರಿಗೊಂದು ರೇಖೆ ಇರುವ ನಕ್ಷೆಯಲ್ಲಿ ಎರಡು ರೇಖೆಗಳ ನಡುವೆ 1.4 ಮಿ.ಮೀ. ಇದ್ದರೆ ಅಲ್ಲಿನ ಇಳಿಜಾರು ಸುಮಾರು 30 ಡಿಗ್ರಿ, 1 ಮಿ.ಮೀ. ಇದ್ದರೆ 38ರಿಂದ 39 ಡಿಗ್ರಿ, 0.8 ಮಿ.ಮೀ.ಗೆ ಇಳಿದರೆ 45 ಡಿಗ್ರಿ. ಈ ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹಲಗೆಯಂತೆ ಕಳಚಿ ಜಾರುವ ಹಿಮಕುಸಿತಗಳಲ್ಲಿ ಬಹುಪಾಲು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲೇ ಆಗುತ್ತವೆ, ಅದರಲ್ಲೂ 38 ಡಿಗ್ರಿಯ ಆಸುಪಾಸಿನಲ್ಲಿ ಅತಿ ಹೆಚ್ಚು. ಇನ್ನೂ ಕಡಿದಾದ ಗೋಡೆಗಳಲ್ಲಿ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತಿರುತ್ತದೆ. ಅದಕ್ಕಿಂತ ಸಪಾಟಾದ ನೆಲದಲ್ಲಿ ಜಾರಲು ಸಾಕಷ್ಟು ಸೆಳೆತವಿರುವುದಿಲ್ಲ. ಹತ್ತಲು ಅತ್ಯಂತ ಅನುಕೂಲವೆಂದು ನಮ್ಮ ಕಾಲು ಬಯಸುವ ಓರೆಯೇ ಹಿಮ ಕಳಚಿಕೊಳ್ಳಲೂ ಅನುಕೂಲವಾದ ಓರೆ ಎಂಬುದನ್ನು ಮರೆಯಬಾರದು. ನಕ್ಷೆ ಸರಾಸರಿಯನ್ನಷ್ಟೇ ತೋರಿಸುತ್ತದೆ. ಎರಡು ರೇಖೆಗಳ ನಡುವೆ ಹದಿನೈದು ಮೀಟರಿನ ಒಂದು ಕಡಿದಾದ ಉಬ್ಬು ಅಡಗಿ ಕುಳಿತಿದ್ದರೆ ಅದು ಕಾಗದದ ಮೇಲೆ ಕಾಣುವುದೇ ಇಲ್ಲ. ಇಳಿಜಾರು ಅಳೆಯುವ ಸಣ್ಣ ಮಾಪಕವೊಂದು ಜೇಬಿನಲ್ಲಿರಬೇಕಾದದ್ದು ಇದಕ್ಕೇ.

ಇಳಿಜಾರಿನ ಜೊತೆಗೆ ಅದರ ಮುಖ ಯಾವ ದಿಕ್ಕಿಗಿದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಭೂಮಿಯ ಉತ್ತರಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಮಗ್ಗುಲು ಹೆಚ್ಚು ಬಿಸಿಲು ಉಣ್ಣುತ್ತದೆ, ಬೇಗ ಕರಗುತ್ತದೆ, ಬೇಗ ಗಟ್ಟಿಗೊಳ್ಳುತ್ತದೆ; ಉತ್ತರದ ಮಗ್ಗುಲು ನೆರಳಿನಲ್ಲೇ ಉಳಿದು, ಹಳೆಯ ಸಡಿಲ ಪದರಗಳನ್ನು ವಾರಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ದಕ್ಷಿಣಾರ್ಧದಲ್ಲಿ ಇದು ತಿರುವುಮುರುವು. ಪೂರ್ವದ ಮುಖ ಸೂರ್ಯೋದಯದ ಬೆನ್ನಿಗೇ ಮೆತ್ತಗಾಗತೊಡಗಿದರೆ ಪಶ್ಚಿಮದ ಮುಖಕ್ಕೆ ಮಧ್ಯಾಹ್ನದವರೆಗೆ ಬಿಡುವಿದೆ. ಏಣು ಎಂದರೆ ಎರಡು ಮುಖಗಳ ಗಡಿ. ಹತ್ತುವ ದಾರಿ ಆ ಗಡಿಯನ್ನು ಎಲ್ಲೆಲ್ಲಿ ದಾಟುತ್ತದೆ ಎಂದು ನಕ್ಷೆಯಲ್ಲೇ ಗುರುತಿಸಿಕೊಂಡರೆ, ಹಿಮ ಎಲ್ಲೆಲ್ಲಿ ಗುಣ ಬದಲಿಸಬಹುದು ಎಂಬುದರ ಅರ್ಧ ಅಂದಾಜು ಮನೆಯಲ್ಲೇ ಸಿಗುತ್ತದೆ.

ದೂರದ ಏಣುಗಳ ಬಗ್ಗೆ ತಾಜಾ ಸುದ್ದಿ ಹೇಳುವವರು ಸಿಗುವುದು ಅಪರೂಪ. ಇಲ್ಲಿ ಉಪಗ್ರಹ ಚಿತ್ರಗಳು ಬಹಳ ನೆರವಾಗುತ್ತವೆ. ಯುರೋಪಿನ ಕೋಪರ್ನಿಕಸ್ ಯೋಜನೆಯ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳನ್ನು ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಜೋಡಿ ಉಪಗ್ರಹಗಳು ಸೇರಿ ಸುಮಾರು ಐದು ದಿನಗಳಿಗೊಮ್ಮೆ ಒಂದೇ ಜಾಗದ ಮೇಲೆ ಹಾಯುತ್ತವೆ, ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 10 ಮೀಟರಿಗೆ ಸಮ. ಮೋಡವಿಲ್ಲದ ಎರಡು ಮೂರು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹಿಮದ ಗೆರೆ ಎಷ್ಟು ಮೇಲಕ್ಕೆ ಸರಿದಿದೆ, ಯಾವ ಕೊರಕಲಿನಲ್ಲಿ ಇನ್ನೂ ಬಿಳಿ ಉಳಿದಿದೆ, ಯಾವ ಇಳಿಜಾರಿನ ಬುಡದಲ್ಲಿ ಕುಸಿದ ಹಿಮದ ಕೊಳಕು ನಾಲಿಗೆ ಚಾಚಿಕೊಂಡಿದೆ ಎಂಬುದು ತಿಳಿಯುತ್ತದೆ. ಹಿಮ ಇದೆಯೋ ಇಲ್ಲವೋ ಎಂಬುದಕ್ಕೆ ಚಿತ್ರ ಸಾಕ್ಷಿ ಹೇಳೀತು, ಅದು ಗಟ್ಟಿಯೋ ಸಡಿಲವೋ ಎಂಬುದಕ್ಕಲ್ಲ.

ಕೊನೆಯದಾಗಿ, ಕಳೆದ ಹತ್ತು ದಿನಗಳ ಹವಾಮಾನವನ್ನು ದಿನದಿನವಾಗಿ ಬರೆದುಕೊಳ್ಳಿ: ಎಷ್ಟು ಹಿಮ ಬಿತ್ತು, ಗಾಳಿ ಯಾವ ದಿಕ್ಕಿನಿಂದ ಎಷ್ಟು ಜೋರಾಗಿ ಬೀಸಿತು, ರಾತ್ರಿ ಆಕಾಶ ತಿಳಿಯಾಗಿತ್ತೋ ಮುಚ್ಚಿತ್ತೋ, ನೀರು ಹೆಪ್ಪುಗಟ್ಟುವ ಮಟ್ಟ ಎಷ್ಟು ಎತ್ತರದಲ್ಲಿತ್ತು. ಕಣಿವೆಯ ಉಷ್ಣಾಂಶವಷ್ಟೇ ಗೊತ್ತಿದ್ದರೆ ಪ್ರತಿ 1,000 ಮೀಟರ್ ಏರಿಕೆಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಕಳೆದು ಏಣಿನ ಮೇಲಿನ ಚಳಿಯನ್ನು ಅಂದಾಜು ಮಾಡಬಹುದು. ಒಂದೇ ದಿನದಲ್ಲಿ 30 ಸೆಂ.ಮೀ.ಗಿಂತ ಹೆಚ್ಚು ಹೊಸ ಹಿಮ ಬಿದ್ದು ಜೊತೆಗೆ ಗಾಳಿಯೂ ಬೀಸಿದ್ದರೆ, ಮುಂದಿನ ಒಂದೆರಡು ದಿನ ಆ ಏಣಿನ ಸಹವಾಸವೇ ಬೇಡ. ಹಿಮಕುಸಿತದ ಮುನ್ಸೂಚನೆ ಪ್ರಕಟವಾಗುವ ಪ್ರದೇಶವಾದರೆ ಅದರ ಐದು ಮಟ್ಟಗಳನ್ನು ಸರಿಯಾಗಿ ಓದಿ. ಮೂರನೆಯ ಮಟ್ಟವನ್ನು ಹಲವರು "ನಡುವಿನದು, ಪರವಾಗಿಲ್ಲ" ಎಂದು ತಿಳಿಯುತ್ತಾರೆ. ಹಾಗಲ್ಲ, ಒಬ್ಬನೇ ಒಬ್ಬನ ಭಾರಕ್ಕೆ ಇಳಿಜಾರು ಕಳಚಬಹುದಾದ ಮಟ್ಟ ಅದು, ಹಿಮಕುಸಿತದ ಸಾವುಗಳ ದೊಡ್ಡ ಪಾಲು ಸಂಭವಿಸುವುದೂ ಅದೇ ಮಟ್ಟದ ದಿನಗಳಲ್ಲಿ.

ಹಂತ 2: ಏಣಿನ ಬುಡದವರೆಗಿನ ಕಾಲುದಾರಿ

ಕೆಳಗಿನ ಕಾಲುದಾರಿಯನ್ನು ಹಗುರವಾಗಿ ಕಾಣುವವರೇ ಹೆಚ್ಚು. ಆದರೆ ದಿನದ ಸಮಯವೆಲ್ಲ ಸೋರಿಹೋಗುವುದು ಅಲ್ಲಿಯೇ. ಬಯಲಿನಲ್ಲಿ ಹಿಮ ಪೂರ್ತಿ ಕರಗಿದ್ದರೂ ಮರಗಳ ನೆರಳಿನಲ್ಲಿ, ದಾರಿ ಕೊರಕಲನ್ನು ಅಡ್ಡ ಹಾಯುವಲ್ಲಿ, ಹಳೆಯ ಹಿಮ ಪಟ್ಟಿಪಟ್ಟಿಯಾಗಿ ಉಳಿದಿರುತ್ತದೆ. ಹತ್ತು ಮೀಟರ್ ಅಗಲದ ಇಂಥ ಒಂದು ಪಟ್ಟಿ ಬೆಳಗಿನ ಜಾವ ಮಂಜುಗಡ್ಡೆಯಷ್ಟು ಗಟ್ಟಿಯಾಗಿದ್ದು ಅದರ ಕೆಳಗೆ ಬಂಡೆಗಳಿದ್ದರೆ, ಅದು ಏಣಿನ ಮೇಲಿನ ಯಾವ ಅಪಾಯಕ್ಕೂ ಕಡಿಮೆಯಿಲ್ಲ. ಬ್ಯಾಗು ಇಳಿಸಿ ಕ್ರ್ಯಾಂಪಾನ್ ಹಾಕಿಕೊಳ್ಳಲು ಬೇಸರಪಟ್ಟು, "ನಾಲ್ಕೇ ಹೆಜ್ಜೆ ತಾನೇ" ಎಂದು ಹಾಯಲು ಹೋಗಬೇಡಿ.

ಹಿಮ ದಾರಿಯನ್ನು ಮುಚ್ಚಿದ್ದಾಗ ಮುಂದೆ ಹೋದವರ ಹೆಜ್ಜೆ ಗುರುತುಗಳು ಕಣ್ಣಿಗೆ ದಾರಿಯಂತೆಯೇ ಕಾಣುತ್ತವೆ. ಅವರು ದಾರಿ ತಪ್ಪಿದ್ದರೆ ನಾವೂ ತಪ್ಪುತ್ತೇವೆ. ಹೆಜ್ಜೆಯ ಅಂಚು ಚೂಪಾಗಿದ್ದರೆ ಅದು ಹೊಸದು. ಅಂಚು ದುಂಡಗಾಗಿ, ಒಳಗೆ ಧೂಳು ಮತ್ತು ಎಲೆಚೂರು ಸೇರಿದ್ದರೆ ಹಲವು ದಿನಗಳ ಹಳೆಯದು. ದಾರಿ ತೋರಲು ಪೇರಿಸಿದ ಕಲ್ಲುಗುಪ್ಪೆಗಳು ಹಿಮದಡಿ ಹೂತಿರುವುದರಿಂದ, ಮುಖ್ಯ ತಿರುವುಗಳನ್ನು ಜಿಪಿಎಸ್‌ನಲ್ಲಿ ಮೊದಲೇ ಗುರುತು ಮಾಡಿಕೊಂಡು, ಚಳಿಗೆ ಬ್ಯಾಟರಿ ಬೇಗ ಬರಿದಾಗುವ ಕಾರಣ ಕಾಗದದ ನಕ್ಷೆ ಮತ್ತು ದಿಕ್ಸೂಚಿಯನ್ನೂ ಜೊತೆಗಿಟ್ಟುಕೊಳ್ಳಬೇಕು. ಏರುತ್ತಾ ಹೋಗುವಾಗ ಆಗಾಗ ಹಿಂದಿರುಗಿ ನೋಡಿ. ಮರಳುವಾಗ ಕಾಣುವ ಬೆಟ್ಟದ ಮುಖ ಅದೇ.

ತೊರೆಗಳ ವಿಷಯದಲ್ಲಿಯೂ ಇಳಿಯುವ ಹೊತ್ತಿನ ಲೆಕ್ಕವೇ ಮುಖ್ಯ. ಹಿಮ ಕರಗಿ ಹರಿಯುವ ತೊರೆ ಮುಂಜಾನೆ ಅತ್ಯಂತ ಕಡಿಮೆ, ಮಧ್ಯಾಹ್ನ ಕಳೆದು ಸಂಜೆಯ ಹೊತ್ತಿಗೆ ಅತ್ಯಂತ ಹೆಚ್ಚು. ಬೆಳಗ್ಗೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ ನೀರು ಸಂಜೆ ಸೊಂಟದ ಮಟ್ಟಕ್ಕೆ ಏರಿರಬಹುದು. ತೊರೆಯ ಮೇಲೆ ಹಿಮದ ಸೇತುವೆ ಇದ್ದರೆ ಅದರ ಅಂಚಿನ ದಪ್ಪವನ್ನು ಪಕ್ಕದಿಂದ ನೋಡಿ. ನಡುವೆ ತಗ್ಗಿದ್ದು ಬೂದು ಬಣ್ಣಕ್ಕೆ ತಿರುಗಿದ್ದರೆ ಕೆಳಗಿನಿಂದ ನೀರು ಅದನ್ನು ತಿನ್ನುತ್ತಿದೆ ಎಂದರ್ಥ.

ಹಂತ 3: ಹೊರಡುವ ಹೊತ್ತನ್ನು ಹಿಂದಿನಿಂದ ಎಣಿಸಿ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ನಿಯಮವನ್ನು ಇಂದಿಗೂ ಬಳಸುತ್ತಾರೆ: ಮೆಟ್ರಿಕ್ ಅಳತೆಯಲ್ಲಿ ಹೇಳುವುದಾದರೆ ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಅದು ಹಿಮವಿಲ್ಲದ ದಾರಿಯ ಲೆಕ್ಕ. ಹಿಮದಲ್ಲಿ ನಾನು ಬಂದ ಮೊತ್ತವನ್ನು ಎರಡು ಪಟ್ಟು ಮಾಡುತ್ತೇನೆ; ಹಗ್ಗ ಬಳಸಬೇಕಾದ ಬಂಡೆಯ ಭಾಗಗಳಿದ್ದರೆ ಅದನ್ನು ಬೇರೆಯಾಗಿಯೇ ಸೇರಿಸುತ್ತೇನೆ.

ಒಂದು ಉದಾಹರಣೆ ನೋಡೋಣ. ಶಿಬಿರದಿಂದ ತುದಿಗೆ 4 ಕಿ.ಮೀ. ದೂರ, 900 ಮೀಟರ್ ಏರಿಕೆ. ನಿಯಮದ ಪ್ರಕಾರ ಸುಮಾರು 2 ಗಂಟೆ 20 ನಿಮಿಷ, ಹಿಮದಲ್ಲಿ 4 ಗಂಟೆ 40 ನಿಮಿಷ. ಏಣಿನ ಕೆಳಗೆ ಪೂರ್ವಕ್ಕೆ ಮುಖ ಮಾಡಿದ 35 ಡಿಗ್ರಿಯ ಇಳಿಜಾರೊಂದಿದೆ. ಬೆಳಗ್ಗೆ ಆರಕ್ಕೆ ಬಿಸಿಲು ತಾಗಿ ಹತ್ತರ ಸುಮಾರಿಗೆ ಅದು ಮೆತ್ತಗಾಗುತ್ತದೆ ಎಂದಿಟ್ಟುಕೊಳ್ಳಿ. ಹಾಗಿದ್ದರೆ ಒಂಬತ್ತೂವರೆಗೆ ನೀವು ಅದರ ಬುಡದಿಂದಲೂ ಆಚೆ ಇರಬೇಕು. ತುದಿಯಿಂದ ಅಲ್ಲಿಗೆ ಇಳಿಯಲು ಎರಡೂವರೆ ಗಂಟೆ ಬೇಕಾದರೆ ತುದಿಯನ್ನು ಏಳಕ್ಕೆ ಬಿಡಬೇಕು. ಏಳರಿಂದ 4 ಗಂಟೆ 40 ನಿಮಿಷ ಹಿಂದಕ್ಕೆ ಎಣಿಸಿದರೆ ನಸುಕಿನ 2 ಗಂಟೆ 20 ನಿಮಿಷ. ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡರೆ 1 ಗಂಟೆ 50 ನಿಮಿಷಕ್ಕೆ ಶಿಬಿರ ಬಿಡಬೇಕು. ಈ ಹೊತ್ತು ಅಸಾಧ್ಯವೆನಿಸಿದರೆ ಬದಲಿಸಬೇಕಾದ್ದು ದಾರಿಯನ್ನು ಅಥವಾ ದಿನವನ್ನು. ಆರು ಗಂಟೆಗೆ ಎದ್ದು ಹೊರಟು "ನೋಡೋಣ" ಎನ್ನುವವರು ಏರುವಾಗ ಏನನ್ನೂ ಅನುಭವಿಸುವುದಿಲ್ಲ. ಅವರಿಗೆ ತೊಂದರೆ ಕಾದಿರುವುದು ಮರಳುವಾಗ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಒಂದು ವಸಂತದಲ್ಲಿ ನಾವು ಮೂವರು ಏಣೊಂದರ ತುದಿಯಲ್ಲಿ, ಗಾಳಿಯಿಲ್ಲದ ತಿಳಿ ಬಿಸಿಲಿಗೆ ಮನಸೋತು, ಲೆಕ್ಕಕ್ಕಿಂತ ಒಂದು ಗಂಟೆ ಹೆಚ್ಚು ಕುಳಿತೆವು. ಇಳಿಯುವಾಗ ನಸುಕಿನಲ್ಲಿ ನಾವೇ ಒದ್ದು ಮಾಡಿದ ಮೆಟ್ಟಿಲುಗಳು ನೀರು ತುಂಬಿದ ಬಟ್ಟಲುಗಳಾಗಿದ್ದವು. ಪ್ರತಿ ಹೆಜ್ಜೆಗೂ ಕ್ರ್ಯಾಂಪಾನಿನ ಅಡಿಗೆ ಮುಷ್ಟಿ ದಪ್ಪದ ಹಿಮ ಮೆತ್ತಿಕೊಂಡು ಹಲ್ಲುಗಳೇ ಇಲ್ಲದಂತಾಗುತ್ತಿತ್ತು. ಆಕ್ಸಿನ ಹಿಡಿಯಿಂದ ಬೂಟಿನ ಪಕ್ಕಕ್ಕೆ ತಟ್ಟಿ ಅದನ್ನು ಉದುರಿಸಬೇಕು, ಒಂದು ಹೆಜ್ಜೆ ಇಡಬೇಕು, ಮತ್ತೆ ತಟ್ಟಬೇಕು. ನಮ್ಮ ಎಡಬದಿಯಲ್ಲಿ ಬಂಡೆಗಳ ಬುಡದಿಂದ ಸಣ್ಣ ಹಿಮದುಂಡೆಗಳು ಬಿಡಿಸಿಕೊಂಡು, ಚಕ್ರದಂತೆ ಸುರುಳಿ ಸುತ್ತಿಕೊಳ್ಳುತ್ತಾ ನಮ್ಮನ್ನು ಹಾಯ್ದು ಕೆಳಗುರುಳುತ್ತಿದ್ದವು. ಒದ್ದೆ ಹಿಮ ಜಾರಲು ಸಿದ್ಧವಾಗಿದೆ ಎನ್ನುವುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ. ಇನ್ನೂರು ಮೀಟರ್ ಇಳಿಯಲು ಎರಡು ಗಂಟೆ ಹಿಡಿಯಿತು, ಆ ಎರಡು ಗಂಟೆಯೂ ನಾವು ಇರಬಾರದ ಜಾಗದಲ್ಲಿದ್ದೆವು.

ರಾತ್ರಿಯ ಆಕಾಶವನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ತಿಳಿಯಾದ ರಾತ್ರಿಯಲ್ಲಿ ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ಗಾಳಿಯ ಉಷ್ಣಾಂಶ ಸೊನ್ನೆಗಿಂತ ತುಸು ಮೇಲಿದ್ದರೂ ಹೆಪ್ಪುಗಟ್ಟಬಲ್ಲದು. ಮೋಡ ಮುಚ್ಚಿದ ರಾತ್ರಿಯಲ್ಲಿ ಆ ಶಾಖ ಹೊರಹೋಗದೆ ಹಿಮ ಮೆತ್ತಗೇ ಉಳಿಯುತ್ತದೆ. ನಸುಕಿನಲ್ಲಿ ಶಿಬಿರದ ಹೊರಗೆ ಬಂದು ಬೂಟಿನ ಹಿಮ್ಮಡಿಯಿಂದ ಹಿಮವನ್ನು ಗುದ್ದಿ ನೋಡಿ. ಮೇಲಿನ ತೆಳು ಚಿಪ್ಪು ಒಡೆದು ಕಾಲು ಒಳಗಿಳಿದರೆ ಹಿಮ ಹೆಪ್ಪುಗಟ್ಟಿಲ್ಲ. ಆ ದಿನ ಮೇಲಿನ ಲೆಕ್ಕವೆಲ್ಲ ಹುಸಿ, ಹತ್ತು ಗಂಟೆಯ ಹಿಮ ಏಳಕ್ಕೇ ಬಂದುಬಿಡುತ್ತದೆ.

ಹಂತ 4: ಬುಡದಲ್ಲಿ ನಿಂತು ಹಿಮವನ್ನು ಓದಿ

ಏಣನ್ನು ಏರುವ ಮುನ್ನ ಅದನ್ನು ಪಕ್ಕದಿಂದ ಕಾಣುವ ಜಾಗದಲ್ಲಿ ಹತ್ತು ನಿಮಿಷ ನಿಲ್ಲಿ, ಫೋಟೊ ತೆಗೆದುಕೊಳ್ಳಿ. ಏಣಿನ ಮೇಲಿದ್ದಾಗ ಕಾಣದ, ಅಂಚಿನಾಚೆಗಿನ ಹಿಮದ ಚಾಚುಗಳು ಇಲ್ಲಿಂದ ಕಾಣುತ್ತವೆ. ಆಮೇಲೆ ಕೈ, ಕಾಲು, ಆಕ್ಸ್ ಈ ಮೂರರಿಂದ ಹಿಮವನ್ನು ಮುಟ್ಟಿ ನೋಡುವ ಕೆಲಸ. ಆಕ್ಸಿನ ಹಿಡಿಯನ್ನು ನಿಧಾನವಾಗಿ ಒಳಕ್ಕೆ ತಳ್ಳಿ: ಒಂದೇ ಸಮನಾದ ತಡೆಯೊಂದಿಗೆ ಇಳಿದರೆ ಪದರಗಳು ಬೆಸೆದಿವೆ, ಗಟ್ಟಿಯಾಗಿದ್ದುದು ತಟಕ್ಕನೆ ಸಡಿಲಾಗಿ ಹಿಡಿ ಒಳಗೆ ಬಿದ್ದಂತೆ ಆದರೆ ಗಟ್ಟಿ ಹಲಗೆಯ ಕೆಳಗೆ ದುರ್ಬಲ ಪದರವಿದೆ. ಗಡಸುತನವನ್ನು ಹೇಳಲು ಜಗತ್ತಿನೆಲ್ಲೆಡೆ ಬಳಸುವ ಸರಳ ಅಳತೆಯೊಂದಿದೆ: ಮುಷ್ಟಿ, ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲ್, ಚಾಕು. ಹಗುರ ಒತ್ತಡಕ್ಕೆ ಯಾವುದು ಒಳಹೋಗುತ್ತದೋ ಅದೇ ಆ ಪದರದ ಗಡಸುತನ. ಮೇಲೆ ಪೆನ್ಸಿಲ್‌ನಷ್ಟು ಗಟ್ಟಿ, ಅದರಡಿ ಮುಷ್ಟಿ ಹೋಗುವಷ್ಟು ಸಡಿಲ ಎಂದಾದರೆ ಅಲ್ಲಿಂದ ಹಿಂದಿರುಗಿ.

ಸಮಯವಿದ್ದರೆ, ಏರಬೇಕಾದ ಇಳಿಜಾರಿನ ಮುಖಕ್ಕೂ ಓರೆಗೂ ಹೋಲುವ, ಆದರೆ ಕುಸಿದರೂ ಅಪಾಯವಿಲ್ಲದ ಸಣ್ಣ ಜಾಗದಲ್ಲಿ ಗುಂಡಿ ತೋಡಿ. 30 ಸೆಂ.ಮೀ. ಚೌಕದ ಹಿಮದ ಕಂಬವನ್ನು ಸುತ್ತ ಬಿಡಿಸಿ, ಅದರ ಮೇಲೆ ಸಲಿಕೆಯಿಟ್ಟು, ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಏಟು ಹೊಡೆಯುವ ಪರೀಕ್ಷೆಯಿದು. ಮೊದಲ ಹತ್ತರಲ್ಲೇ ಕಂಬದ ಮೇಲ್ಭಾಗ ಪೆಟ್ಟಿಗೆಯ ಖಾನೆಯಂತೆ ನುಣ್ಣಗೆ ಜಾರಿ ಹೊರಬಂದರೆ ಅದು ಕೆಟ್ಟ ಸುದ್ದಿ. ಜಾರಿದ ಪದರವನ್ನು ಕೈಗವಸಿನ ಮೇಲೆ ಹರಡಿ ನೋಡಿ. ಒಂದಕ್ಕೊಂದು ಅಂಟದೆ ಸಕ್ಕರೆಯಂತೆ ಉದುರುವ ಮೂಲೆಮೂಲೆಯ ಹರಳುಗಳಿದ್ದರೆ ಅವು ಬೇಗ ವಾಸಿಯಾಗುವ ಪೈಕಿ ಅಲ್ಲ. ತೆಳುವಾದ ಹಿಮದ ಹೊದಿಕೆಯ ಅಡಿಯಲ್ಲಿ ನೆಲ ಬೆಚ್ಚಗಿದ್ದು ಮೇಲೆ ತೀವ್ರ ಚಳಿಯಿದ್ದಾಗ, ಒಳಗಿನ ಆವಿ ಮೇಲಕ್ಕೆ ಸರಿಯುತ್ತಾ ಈ ಹರಳುಗಳನ್ನು ಕಟ್ಟುತ್ತದೆ. ಇಲ್ಲೊಂದು ಎಚ್ಚರಿಕೆ: ಗುಂಡಿಯಲ್ಲಿ ಬಂದ ಕೆಟ್ಟ ಫಲಿತಾಂಶ ಹಿಂದಿರುಗಲು ಸಾಕಾದ ಕಾರಣ, ಒಳ್ಳೆಯ ಫಲಿತಾಂಶ ಮುಂದುವರಿಯಲು ಸಾಕಾದ ಕಾರಣವಲ್ಲ. ಐವತ್ತು ಹೆಜ್ಜೆ ಆಚೆಗೆ ಹಿಮ ಬೇರೆಯೇ ಇರಬಹುದು.

ಗುಂಡಿ ತೋಡದೆಯೇ ಸಿಗುವ ಸೂಚನೆಗಳು ಇದಕ್ಕಿಂತ ಬೆಲೆಯುಳ್ಳವು. ಅಕ್ಕಪಕ್ಕದ ಇಳಿಜಾರುಗಳಲ್ಲಿ ಹೊಸದಾಗಿ ಹಿಮ ಕುಸಿದ ಗುರುತು; ಹೆಜ್ಜೆಯಿಂದ ಹೊರಟು ಗಾಜು ಸೀಳಿದಂತೆ ಓಡುವ ಬಿರುಕು; ಕಾಲಡಿಯಲ್ಲಿ ನೆಲವೇ ನಿಟ್ಟುಸಿರು ಬಿಟ್ಟಂತೆ ಕೇಳುವ "ಹುಂಫ್" ಎಂಬ ಮಂದ ಸದ್ದು. ಆ ಸದ್ದು ದುರ್ಬಲ ಪದರ ಕುಸಿದು ಕೂತದ್ದರ ಸದ್ದು. ಕಡಿದಾದ ಜಾಗದಲ್ಲಿ ಅದೇ ಆಗಿದ್ದರೆ ಮೇಲಿನ ಹಲಗೆ ನಿಮ್ಮನ್ನು ಹೊತ್ತು ಹೊರಟಿರುತ್ತಿತ್ತು. ಇದನ್ನು ಕೇಳಿಯೂ "ಸಪಾಟು ಜಾಗದಲ್ಲಿ ತಾನೇ ಕೇಳಿದ್ದು" ಎಂದು ಮುಂದುವರಿದವರನ್ನು ನಾನು ಕಂಡಿದ್ದೇನೆ, ಅವರಿಗೆ ಆ ದಿನ ಏನೂ ಆಗಲಿಲ್ಲ ಎಂಬುದು ಅವರ ನಿರ್ಧಾರ ಸರಿಯಿತ್ತು ಎನ್ನಲು ಪುರಾವೆಯಲ್ಲ.

ಹಂತ 5: ಏಣಿನ ಮೇಲೆ, ಹಿಮದ ಸೂರುಗಳ ನಡುವೆ

ಏಣಿನ ಮೇಲಿನ ಹಿಮವನ್ನು ಕೆತ್ತುವ ಶಿಲ್ಪಿ ಗಾಳಿ. ಅದು ಒಂದು ಮಗ್ಗುಲಿನಿಂದ ಹಿಮವನ್ನು ಕೆರೆದು ಒಯ್ದು ಇನ್ನೊಂದು ಮಗ್ಗುಲಿನಲ್ಲಿ ಪೇರಿಸುತ್ತದೆ, ಆಕಾಶದಿಂದ ಬೀಳುವುದಕ್ಕಿಂತ ಹಲವು ಪಟ್ಟು ವೇಗವಾಗಿ. ಹೀಗೆ ಪೇರಿಸುವಾಗ ಏಣಿನ ಅಂಚಿನಾಚೆಗೆ, ಕೆಳಗೆ ಯಾವ ಆಧಾರವೂ ಇಲ್ಲದೆ, ಮನೆಯ ಸೂರಿನಂತೆ ಚಾಚಿಕೊಂಡ ಹಿಮವೇ ಕಾರ್ನಿಸ್. ಮೇಲೆ ನಿಂತವರಿಗೆ ಅದು ಅಗಲವಾದ, ಸಪಾಟಾದ, ನಡೆಯಲು ಹೇಳಿ ಮಾಡಿಸಿದ ದಾರಿಯಂತೆ ಕಾಣುತ್ತದೆ. ಅದು ಮುರಿಯುವಾಗ ಚಾಚಿದ ಭಾಗವಷ್ಟೇ ಮುರಿಯುವುದಿಲ್ಲ. ಮುರಿತದ ಗೆರೆ ಅಂಚಿನಿಂದ ಹಲವು ಮೀಟರ್ ಹಿಂದಕ್ಕೆ, ಗಟ್ಟಿ ನೆಲವೆಂದು ನಾವು ನಂಬಿದ ಜಾಗದವರೆಗೂ ಬರಬಲ್ಲದು.

ನಂಗಾ ಪರ್ಬತ್ ಶಿಖರವನ್ನು 1953ರಲ್ಲಿ ಮೊಟ್ಟಮೊದಲು, ಅದೂ ಕೊನೆಯ ಹಂತವನ್ನು ಒಬ್ಬಂಟಿಯಾಗಿ ಏರಿದ ಹರ್ಮನ್ ಬೂಲ್, 1957ರ ಜೂನ್ 27ರಂದು ಕಾರಕೋರಂನ ಚೊಗೊಲಿಸಾದಲ್ಲಿ ತೀರಿಕೊಂಡದ್ದು ಹೀಗೆಯೇ. ಹವೆ ಕೆಟ್ಟು ಕಣ್ಣು ಕಾಣದಂತಾದಾಗ ಅವರೂ ಜೊತೆಗಾರ ಕುರ್ಟ್ ಡೀಂಬರ್ಗರ್ ಅವರೂ ಹಿಂದಿರುಗುತ್ತಿದ್ದರು, ಹಗ್ಗ ಕಟ್ಟಿಕೊಂಡಿರಲಿಲ್ಲ. ಮುಂದಿದ್ದ ಡೀಂಬರ್ಗರ್ ತಿರುಗಿ ನೋಡಿದರೆ ಬೂಲ್ ಬರಲಿಲ್ಲ. ಅವರ ಹೆಜ್ಜೆಗಳು ಜಾಡಿನಿಂದ ಅಗಲಿ ಮುರಿದ ಕಾರ್ನಿಸಿನ ಅಂಚಿನತ್ತ ಹೋಗಿದ್ದವು. ಅಷ್ಟು ಅನುಭವವಿದ್ದವರಿಗೂ ಬಿಳಿ ಮಂಜಿನಲ್ಲಿ ಬಿಳಿ ಅಂಚು ಕಾಣಲಿಲ್ಲ, ಅದೂ ಇಳಿಯುವ ದಾರಿಯಲ್ಲಿ.

ಹಾಗಾಗಿ ನಡೆಯುವ ಕ್ರಮ ಹೀಗಿರಲಿ. ಸಾಮಾನ್ಯವಾಗಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದನ್ನು ಹಿಮದಲ್ಲೇ ಓದಿಕೊಳ್ಳಿ: ಬಂಡೆಗಳಿಗೆ ಗರಿಗರಿಯಾಗಿ ಅಂಟಿಕೊಂಡ ಇಬ್ಬನಿಯ ಹಿಮ ಗಾಳಿ ಬರುವ ದಿಕ್ಕಿಗೆ ಬೆಳೆಯುತ್ತದೆ, ಹಿಮದ ಮೇಲ್ಮೈಯಲ್ಲಿ ಕೊರೆದ ಅಲೆಗಳ ಚೂಪಾದ ಕಡಿದಾದ ತುದಿಗಳೂ ಗಾಳಿಗೆ ಎದುರಾಗಿರುತ್ತವೆ. ಕಾರ್ನಿಸ್ ಇರುವುದು ಇದರ ವಿರುದ್ಧ ಮಗ್ಗುಲಿಗೆ. ಗಾಳಿಗೆ ಎದುರಾದ ಮಗ್ಗುಲಿನಲ್ಲಿ, ಏಣಿನ ನೆತ್ತಿಗಿಂತ ಸಾಕಷ್ಟು ಕೆಳಗೆ ಸರಿದು, ಸಾಧ್ಯವಾದಲ್ಲೆಲ್ಲ ಹಿಮದಿಂದ ಹೊರಗೆ ಇಣುಕುವ ಬಂಡೆಗಳನ್ನು ಹಿಡಿದು ಸಾಗಿ. ನೆತ್ತಿಯ ಮೇಲೆ ನಡೆದರೆ ಕಾಲಿಗೆ ಸುಖ, ಆದರೆ ಕಾಲ ಕೆಳಗೆ ಏನಿದೆ ಎಂಬುದು ಗೊತ್ತಿರುವುದಿಲ್ಲ. ಏಣಿನಲ್ಲಿ ಬಾಗು ಬಂದಲ್ಲಿ ಕಾರ್ನಿಸ್ ಮಗ್ಗುಲು ಬದಲಿಸಬಹುದು. ಕೆಲವೆಡೆ ಎರಡೂ ಕಡೆಗೆ ಚಾಚಿರುವುದುಂಟು. ಬುಡದಲ್ಲಿ ತೆಗೆದ ಫೋಟೊವನ್ನು ಇಲ್ಲಿ ಮತ್ತೆ ನೋಡಿ. ಮಂಜು ಕವಿದು ಅಂಚು ಕಾಣದಾದರೆ ನಿಲ್ಲಬೇಕು. ಮುಂದಕ್ಕೆ ಹಿಮದುಂಡೆ ಎಸೆದು ಅದು ಎಲ್ಲಿ ಬಿದ್ದಿತು, ಎಲ್ಲಿ ಮಾಯವಾಯಿತು ಎಂದು ನೋಡುತ್ತಾ ಅಂಗುಲ ಅಂಗುಲ ಸರಿಯುವುದು ಕೊನೆಯ ಉಪಾಯ.

ಬಂಡೆ ಮತ್ತು ಹಿಮ ಬೆರೆತ ಭಾಗಗಳಲ್ಲಿ ಎರಡು ಬಗೆಯ ಮೋಸಗಳಿವೆ. ಒಂದು, ಬಂಡೆಯ ಮೇಲೆ ನೀರು ಹರಿದು ಹೆಪ್ಪುಗಟ್ಟಿದ ತೆಳು ಗಾಜಿನ ಪೊರೆ. ಕಣ್ಣಿಗೆ ಒದ್ದೆ ಕಲ್ಲಿನಂತಷ್ಟೇ ಕಾಣುತ್ತದೆ, ಕ್ರ್ಯಾಂಪಾನಿನ ಹಲ್ಲು ನಾಟುವಷ್ಟು ದಪ್ಪವೂ ಇರುವುದಿಲ್ಲ. ಇನ್ನೊಂದು, ಬಿಸಿಲುಂಡ ಕಪ್ಪು ಬಂಡೆಯ ಸುತ್ತ ಹಿಮ ಒಳಗಿಂದೊಳಗೇ ಕರಗಿ ಉಂಟಾದ ಟೊಳ್ಳು. ಮಧ್ಯಾಹ್ನದ ಹೊತ್ತಿಗೆ ಬಂಡೆಯ ಪಕ್ಕದಲ್ಲೇ ಕಾಲಿಟ್ಟರೆ ಸೊಂಟದವರೆಗೆ ಇಳಿದು ಮಂಡಿ ತಿರುಚಿಕೊಳ್ಳುವುದು ಸುಲಭ. ಒಂದು ನೀಳ ಹೆಜ್ಜೆ ದೂರ ಬಿಟ್ಟೇ ಹಾಯಿರಿ.

ಚಳಿಗಾಳಿಯನ್ನೂ ಅಂಕಿಯಲ್ಲಿ ತಿಳಿದಿರಬೇಕು. ಉಷ್ಣಾಂಶ ಮೈನಸ್ 10 ಡಿಗ್ರಿ ಇದ್ದು ಗಾಳಿ ಗಂಟೆಗೆ 50 ಕಿ.ಮೀ. ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 22ರಷ್ಟು ಚಳಿ. ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ ಶೇಕಡ 80ರಷ್ಟನ್ನು ಮೇಲಕ್ಕೆ ಹಿಂದಿರುಗಿಸುವುದರಿಂದ ತೆಳು ಮೋಡವಿದ್ದರೂ ಗಾಢ ಕನ್ನಡಕ ತೆಗೆಯಬೇಡಿ.

ಹಂತ 6: ಕಾಲಿನ ಹಿಡಿತ, ಕೈಯ ಹಿಡಿತ

ಕ್ರ್ಯಾಂಪಾನನ್ನು ಬೇಕಾಗುವ ಮುಂಚೆಯೇ, ನೆಲ ಸಪಾಟಾಗಿರುವಲ್ಲಿ ಹಾಕಿಕೊಳ್ಳಿ. ಕಡಿದಾದ ಜಾಗದಲ್ಲಿ ಒಂಟಿ ಕಾಲಿನ ಮೇಲೆ ನಿಂತು ಪಟ್ಟಿ ಬಿಗಿಯುವ ಪರಿಸ್ಥಿತಿ ಬರಬಾರದು. ರಬ್ಬರಿನ ಮೇಲೆ ಸರಪಳಿ ಕೂರಿಸಿದ ಸಣ್ಣ ಹಲ್ಲುಗಳ ಸಾಧನಗಳು ಕೆಳಗಿನ ಕಾಲುದಾರಿಗೆ ಸರಿ. ಏಣಿನ ಇಳಿಜಾರಿನಲ್ಲಿ ಅವು ಕಾಲಿನಿಂದ ಪಕ್ಕಕ್ಕೆ ಜಾರುತ್ತವೆ. ಐಸ್ ಆಕ್ಸ್ ಯಾವಾಗಲೂ ಇಳಿಜಾರಿನ ಮೇಲ್ಬದಿಯ ಕೈಯಲ್ಲಿರಲಿ, ದಿಕ್ಕು ಬದಲಿಸಿದಾಗ ಕೈಯೂ ಬದಲಾಗಲಿ. ಜಾರಿದರೆ ಮೊದಲ ಕ್ಷಣದಲ್ಲೇ ಆಕ್ಸಿನ ಮೊನೆಯನ್ನು ಎದೆಯ ಭಾರದಿಂದ ಹಿಮಕ್ಕೆ ಒತ್ತಬೇಕು. ಕ್ರ್ಯಾಂಪಾನ್ ಹಾಕಿದ್ದರೆ ಪಾದಗಳನ್ನು ಮೇಲೆತ್ತಿರಬೇಕು, ಇಲ್ಲವಾದರೆ ಹಲ್ಲು ಸಿಕ್ಕಿ ದೇಹ ಪಲ್ಟಿ ಹೊಡೆಯುತ್ತದೆ. ಗಟ್ಟಿ ಹಿಮದಲ್ಲಿ ಎರಡು ಮೂರು ಸೆಕೆಂಡು ತಡವಾದರೂ ವೇಗ ಕೈ ಮೀರುತ್ತದೆ. ಮಂಜುಗಡ್ಡೆಯ ಮೇಲಂತೂ ಹೀಗೆ ತಡೆಯುವುದು ಸಾಧ್ಯವೇ ಇಲ್ಲ, ಅಲ್ಲಿ ಜಾರದಿರುವುದೊಂದೇ ರಕ್ಷಣೆ. ಹಿಮಕ್ಕೆ ಬಿಗಿದ ಆಧಾರವಿಲ್ಲದೆ ಬರೀ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡರೆ ಒಬ್ಬರು ಜಾರಿದಾಗ ಎಲ್ಲರೂ ಹೋಗುತ್ತಾರೆ. ಹಿಂದಿನವರು ಬಿಟ್ಟುಹೋದ ಹಗ್ಗಗಳು ಬಿಸಿಲಿಗೆ ಸತ್ವ ಕಳೆದುಕೊಂಡಿರುತ್ತವೆ, ಅವುಗಳಿಗೆ ಮೈಭಾರ ಕೊಡಬೇಡಿ.

ಹಂತ 7: ಇಳಿತ

ತಿರುಗುವ ಹೊತ್ತೆಂದು ಕೆಳಗೆ ನಿಗದಿ ಮಾಡಿದ್ದ ಗಂಟೆ ಬಂದಾಗ ತುದಿ ಇನ್ನೂರು ಹೆಜ್ಜೆ ದೂರವಿದ್ದರೂ ತಿರುಗಬೇಕು. ಆ ಗಂಟೆಯನ್ನು ನಿರ್ಧರಿಸಿದ್ದು ಬೆಚ್ಚಗೆ ಕುಳಿತು, ದಣಿವಿಲ್ಲದ ತಲೆಯಿಂದ. ಅದನ್ನು ಮುರಿಯಲು ಹೊರಟಿರುವುದು ಉಸಿರು ಕಟ್ಟಿದ, ಆಸೆಗೆ ಬಿದ್ದ ತಲೆ. ಮೊದಲನೆಯದನ್ನೇ ನಂಬಿ.

ಮೆತ್ತನೆಯ ಹಿಮದಲ್ಲಿ ಇಳಿಯುವಾಗ ಮುಖ ಹೊರಕ್ಕೆ, ಭಾರ ಹಿಮ್ಮಡಿಯ ಮೇಲೆ. ಗಟ್ಟಿಯಾಗಿ ಕಡಿದಾದಲ್ಲಿ ಇಳಿಜಾರಿನತ್ತ ತಿರುಗಿ, ಏರಿದಂತೆಯೇ ಹಿಂದಕ್ಕೆ ಇಳಿಯಿರಿ. ಇದರಲ್ಲಿ ನಾಚಿಕೆ ಏನಿಲ್ಲ. ಬೂಟು ಪಾದದ ಗಂಟಿಗಿಂತ ಆಳಕ್ಕೆ ಇಳಿಯತೊಡಗಿದರೆ ಕಡಿದಾದ ತೆರೆದ ಇಳಿಜಾರನ್ನು ಬಿಟ್ಟು, ಬಂಡೆಗಳಿರುವ ಅಥವಾ ಇನ್ನೂ ನೆರಳಿನಲ್ಲಿರುವ ಮಗ್ಗುಲನ್ನು ಹುಡುಕಿ. ಬೇರೆ ದಾರಿಯೇ ಇಲ್ಲದಿದ್ದರೆ ಒಬ್ಬೊಬ್ಬರಾಗಿ ದಾಟಿ. ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ದಾಟುವವರ ಮೇಲೆ ಕಣ್ಣಿಟ್ಟಿರಲಿ. ತೀರಾ ತಡವಾಗಿದ್ದರೆ, ಸುರಕ್ಷಿತವಾದ ಬಂಡೆಯ ಮೇಲೆ ಕುಳಿತು ಸಂಜೆಯ ನೆರಳು ಬಿದ್ದು ಹಿಮ ಮತ್ತೆ ಬಿಗಿಯಾಗುವವರೆಗೆ ಕಾಯುವುದೂ ಒಂದು ಸರಿಯಾದ ನಿರ್ಧಾರ. ಅದಕ್ಕೆಂದೇ ಒಂದು ಹೆಚ್ಚುವರಿ ಬೆಚ್ಚನೆಯ ಅಂಗಿ ಮತ್ತು ತಲೆದೀಪ ಬ್ಯಾಗಿನಲ್ಲಿರಬೇಕು.

ಹಿಮ ಕಳಚಿ ಯಾರಾದರೂ ಹೂತುಹೋದರೆ ಹೊರಗಿನ ನೆರವಿಗೆ ಕಾಯುವ ಸಮಯವಿರುವುದಿಲ್ಲ. ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದವರಲ್ಲಿ ಬಹುಪಾಲು ಬದುಕುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆ ಅವಕಾಶ ತೀರಾ ಕುಸಿಯುತ್ತದೆ. ಪ್ರತಿಯೊಬ್ಬರ ಮೈಮೇಲೂ 457 ಕಿಲೋಹರ್ಟ್ಸ್‌ನ ಟ್ರಾನ್ಸೀವರ್ (ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ), ಬ್ಯಾಗಿನಲ್ಲಿ ಶೋಧಕೋಲು ಮತ್ತು ಸಲಿಕೆ ಇರಬೇಕು, ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ವ್ಯರ್ಥ. ಗಾಯಗೊಂಡು ಸಿಕ್ಕಿಹಾಕಿಕೊಂಡರೆ ಸೀಟಿಯಿಂದಲೋ ದೀಪದಿಂದಲೋ ಒಂದು ನಿಮಿಷದಲ್ಲಿ ಆರು ಬಾರಿ ಸಂಕೇತ ಕೊಟ್ಟು, ಒಂದು ನಿಮಿಷ ಬಿಟ್ಟು, ಮತ್ತೆ ಕೊಡಬೇಕು. ನಿಮಿಷಕ್ಕೆ ಮೂರು ಬಾರಿ ಮರುಸಂಕೇತ ಬಂದರೆ ನಿಮ್ಮನ್ನು ಯಾರೋ ಗುರುತಿಸಿದ್ದಾರೆ.

ಹಂತ 8: ಮರಳಿದ ಮೇಲೆ ಬರೆದಿಡಿ

ಶಿಬಿರ ತಲುಪಿದ ಸಂಜೆಯೇ, ನೆನಪು ಹಸಿಯಾಗಿರುವಾಗ, ಕಂಡದ್ದನ್ನು ಟಿಪ್ಪಣಿ ಮಾಡಿ. "ಹಿಮ ಚೆನ್ನಾಗಿತ್ತು" ಎಂಬ ಸಾಲಿನಿಂದ ಮುಂದೆ ಹೋಗುವವರಿಗೆ ಏನೂ ಉಪಯೋಗವಿಲ್ಲ. ತಾರೀಖು, ಗಂಟೆ, ಎತ್ತರ, ಇಳಿಜಾರಿನ ಮುಖ, ಬೂಟು ಎಷ್ಟು ಆಳಕ್ಕೆ ಇಳಿಯಿತು, ಹಿಂದಿನ ರಾತ್ರಿ ಆಕಾಶ ಹೇಗಿತ್ತು, ಕಾರ್ನಿಸ್ ಯಾವ ಮಗ್ಗುಲಿಗೆ ಚಾಚಿತ್ತು, ತೊರೆ ಬೆಳಗ್ಗೆ ಎಷ್ಟು, ಸಂಜೆ ಎಷ್ಟು ಎಂಬುದನ್ನು ಬರೆಯಿರಿ. ಏರುವಾಗಿನ ಗಂಟೆಯ ಎದುರಿಗೆ ಇಳಿಯುವಾಗಿನ ಗಂಟೆಯನ್ನೂ, ಎರಡು ಹೊತ್ತಿನಲ್ಲಿ ಅದೇ ಜಾಗದ ಹಿಮ ಹೇಗೆ ಬೇರೆಯಾಗಿತ್ತು ಎಂಬುದನ್ನೂ ಒಂದೇ ಸಾಲಿನಲ್ಲಿ ಬರೆದರೆ, ಮುಂದಿನ ವಾರ ಆ ಏಣಿನತ್ತ ಹೊರಡುವವರು ತಮ್ಮ ಹೊತ್ತನ್ನು ಅಲ್ಲಿಂದಲೇ ಹಿಂದಕ್ಕೆ ಎಣಿಸಿಕೊಳ್ಳಬಹುದು.